ಅತ್ತೆಯ ಬೆಳ್ಳಿ ಕರಡಿಗೆ

ಬೈಲಹೊಂಗಲ,
ಶ್ರಾವಣ ಸೋಮವಾರ

ನಮ್ಮತ್ತೆಯ ಮುದ್ದಿನ ಸೊಸೆ ಪ್ರಿಯಂವದಾ ಅವರಿಗೆ, ಅದೇ ಅತ್ತೆಯ ಮನೆಯಲ್ಲಿ ರೊಟ್ಟಿ ಬಡಿಯುವ ಸೊಸೆ ವಿಜಯಾಳ ಶರಣು.

ಧಾರಾವಾಹಿಯಲ್ಲಿ ನೀವು ಮಾಡುವ ಗೌರಾಂಬೆಯ ಪಾತ್ರ ನಮ್ಮ ಮನೆಯಲ್ಲಿ ಬಲು ಪ್ರಸಿದ್ಧ. ಸಂಜೆ ನೀವು ರೇಷ್ಮೆ ಸೀರೆ ಉಟ್ಟು, ಅಂಗೈಯಲ್ಲಿ ಲಿಂಗ ಹಿಡಿದು ಕೂತಿರೆಂದರೆ ನಮ್ಮತ್ತೆ ರಾಯವ್ವ ಟಿವಿಗೇ ಕೈಮುಗಿಯುತ್ತಾರೆ. ನಿಮ್ಮ ಹಣೆಯ ವಿಭೂತಿ ಎಂದೂ ಅಳಿಸುವುದಿಲ್ಲ. ನಾನು ಬಸ್ ಕಂಡಕ್ಟರ್, ನಸುಕಿನ ಮೊದಲ ಗಾಡಿ ನನ್ನದು. ಹಚ್ಚಿಕೊಂಡ ವಿಭೂತಿ ಯರಗಟ್ಟಿ ಮುಟ್ಟುವುದರೊಳಗೆ ಬೆವರಿಗೆ ಹೋಗಿರುತ್ತದೆ. ಲಿಂಗಪೂಜೆಯನ್ನು ಗಡಿಬಿಡಿಯಲ್ಲಿ ಮುಗಿಸುತ್ತೇನೆ, ಒಮ್ಮೊಮ್ಮೆ ಅದೂ ತಪ್ಪುತ್ತದೆ. ಆಗೆಲ್ಲ ಅತ್ತೆ, “ಗೌರಾಂಬಾನ್ನ ನೋಡಿ ಕಲಿ. ಮನಿತುಂಬ ಮಂದಿ ಇದ್ರೂ ಆಕಿ ಪೂಜಿ ತಪ್ಪಸೂದಿಲ್ಲ” ಅನ್ನುತ್ತಾರೆ. ಗೌರಾಂಬೆ ಪೂಜೆಗೆ ಕೂತಾಗ ಆ ಮನೆಯಲ್ಲಿ ಚಹಾ ಮಾಡುವವರು ಯಾರು, ರೊಟ್ಟಿ ಬಡಿಯುವವರು ಯಾರು? ಅದನ್ನು ನಿಮ್ಮವರು ಒಂದು ದಿನವೂ ತೋರಿಸಿಲ್ಲ.

ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಯಾಕೆ ಹೇಳಲಿ? ಧಾರಾವಾಹಿಯಲ್ಲಿ ಗಂಡನ ಮನೆಯವರು ನಿಮ್ಮನ್ನು ಹೊರಹಾಕಿದ ದಿನ ಅಡಿಗೆಮನೆಯಲ್ಲಿ ನಿಂತು ನಾನೂ ಕಣ್ಣೊರೆಸಿಕೊಂಡೆ, ಆ ಮಾತು ಬೇರೆ.

ಹೋದ ವಾರ ಸೀರೆ ಅಂಗಡಿ ಉದ್ಘಾಟನೆಗೆ ನೀವು ಕಿತ್ತೂರಿಗೆ ಬಂದಿರಲ್ಲ, ಅತ್ತೆ ನನ್ನ ಬಸ್ಸಿನಲ್ಲೇ ಬಂದರು. ಹೆಂಗಸರ ಪುಕ್ಕಟೆ ಟಿಕೆಟನ್ನು ನಾನೇ ಕೊಟ್ಟೆ. ನನಗೆ ಒಳಗೊಳಗೇ ಖುಷಿ. ವೇಷ ಕಳಚಿದ ಗೌರಾಂಬೆಯನ್ನು ಕಣ್ಣಾರೆ ನೋಡಿ ಬರಲಿ ಅಂತ. ಮರಳುವಾಗ ಬಾಗಿಲ ಹತ್ತಿರದ ಸೀಟಿನಲ್ಲಿ ಕೂತು ಎಲ್ಲ ಹೇಳಿದರು. ನೀವು ಏನನ್ನೂ ಮುಚ್ಚಿಡಲಿಲ್ಲವಂತೆ. ನಿಮ್ಮ ಮನೆಯಲ್ಲಿ ಲಿಂಗಪೂಜೆಯ ಪದ್ಧತಿಯೇ ಇಲ್ಲ, ಶೂಟಿಂಗ್ ಗಡಿಬಿಡಿಯಲ್ಲಿ ದೇವರಿಗೆ ದೀಪ ಹಚ್ಚುವುದೂ ಆಗುವುದಿಲ್ಲ ಅಂದಿರಂತೆ. ಇನ್ನು ಅತ್ತೆ ಏನನ್ನುತ್ತಾರೋ ಎಂದು ಕಿವಿ ನೆಟ್ಟಗೆ ಮಾಡಿಕೊಂಡು ನಿಂತೆ.

“ಪಾಪ, ದುಡಿಯೋ ಹುಡುಗಿ. ನಸಿಕಿನ್ಯಾಗ ಎದ್ದು ಹೋಗತೈತಿ. ಪೂಜಿಗೆ ಹೊತ್ತರ ಎಲ್ಲಿ ಸಿಗಬೇಕು? ಶಿವಾ ತಿಳಕೋತಾನ ಬಿಡು” ಅಂದರು.

ಈ ಮಾತನ್ನು, ಖಾಕಿ ಹಾಕಿಕೊಂಡು ಎದುರಿಗೆ ನಿಂತ ನನಗೇ ಹೇಳಿದರು! ಸೀಟಿ ಊದುವುದನ್ನೇ ಮರೆತೆ. ಇಳಿಯಬೇಕಾದ ಊರು ದಾಟಿದ್ದಕ್ಕೆ ಒಬ್ಬ ಮುದುಕ ಬಾಯಿಗೆ ಬಂದಂತೆ ಬೈದ.

ಮನೆಗೆ ಬಂದ ಮೇಲೆ ಇನ್ನೊಂದು ಗೊತ್ತಾಯಿತು. ಲಿಂಗ ಇಟ್ಟು ಕೊರಳಿಗೆ ಹಾಕಿಕೊಳ್ಳುವ ಬೆಳ್ಳಿ ಕರಡಿಗೆಯೊಂದು ನಮ್ಮಲ್ಲಿತ್ತು. ಅತ್ತೆಗೆ ಅವರ ಅತ್ತೆ ಕೊಟ್ಟದ್ದು, ಮುಂದೆ ಸೊಸೆಗೆ ಬರಬೇಕಾದ್ದು. “ಪೂಜಿ ನೆಟ್ಟಗ ಮಾಡೂದು ಕಲಿ, ಕೊಡತೇನಿ” ಅನ್ನುತ್ತಿದ್ದರು. ಮದುವೆಯಾದಾಗಿನಿಂದ ನಾನು ಲಿಂಗವನ್ನು ವಸ್ತ್ರದಲ್ಲೇ ಕಟ್ಟಿಕೊಂಡಿದ್ದೇನೆ. ಆ ಕರಡಿಗೆಯನ್ನು ಅತ್ತೆ ಕಿತ್ತೂರಿನಲ್ಲಿ ನಿಮ್ಮ ಕೈಗಿಟ್ಟು ಬಂದಿದ್ದಾರೆ.

ದಯವಿಟ್ಟು ಅದನ್ನು ಮರಳಿ ಕಳಿಸಿ. ನಿಮ್ಮನ್ನು ಮೆಚ್ಚುವವರು ಊರೂರಿಗೂ ಇದ್ದಾರೆ. ನನಗೆ ಇರುವುದು ಒಬ್ಬರೇ ಅತ್ತೆ.

ಸಿಟ್ಟು ಇನ್ನೂ ಇಳಿಯದ,
ವಿಜಯಾ

ತಾ.ಕ.: ಪಾರ್ಸಲನ್ನು ನನ್ನ ಹೆಸರಿಗೆ ಕಳಿಸಬೇಡಿ, ಅತ್ತೆಯ ಹೆಸರಿಗೆ ಕಳಿಸಿ. “ನಸುಕಿನಲ್ಲಿ ಎದ್ದು ಹೋಗುವ ಹುಡುಗಿ ನಿಮ್ಮ ಮನೆಯಲ್ಲೂ ಒಬ್ಬಳಿದ್ದಾಳಲ್ಲ” ಎಂದು ಅತ್ತೆಗೆ ಒಂದು ಸಾಲು ಬರೆದಿಡಿ. ನೀವು ಹೇಳಿದರೆ ಕೇಳುತ್ತಾರೆ. ಅವರೇ ಕೈಯಾರೆ ಕೊಟ್ಟರೆ ಮಾತ್ರ ನನಗದು ಬೇಕು.