ತೂಬಿನ ಕೀಲಿ

ಅಪ್ಪಾ,

ನೀನು ತೀರಿಕೊಂಡು ಎರಡು ವರ್ಷವಾಯಿತು. ನೀನು ಇದನ್ನು ಓದಲಾರೆ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ಕೆರೆಯ ತೂಬು ನಿನ್ನ ಕೈಯಲ್ಲಿದ್ದಷ್ಟು ಕಾಲ ಉಳಿವೆಪ್ಪನ ಗದ್ದೆಗೇ ಯಾಕೆ ಪದೇ ಪದೇ ನೀರು ಹೋಗುತ್ತಿತ್ತು ಎಂಬ ಅನುಮಾನ ನನ್ನನ್ನು ಬಿಡಲಿಲ್ಲ. ಅದಕ್ಕೇ ನೀರು ಸಂಘದ ಕಾರ್ಯದರ್ಶಿಯಾದ ಕೂಡಲೇ ಹಿರೇಕೆರೂರಿನಲ್ಲಿ ಪಾಳಿಯ ಪಟ್ಟಿ ಅಚ್ಚು ಹಾಕಿಸಿದೆ. ಎಲ್ಲರಿಗೂ ಎಂಟು ದಿನಕ್ಕೊಮ್ಮೆ ನೀರು. ತೂಬು ತೆರೆಯಲು ಅರ್ಜಿ, ಮೂವರ ಸಹಿ, ಮೊಬೈಲಿನಲ್ಲಿ ಫೋಟೊ. ನಿನ್ನಂತೆ ಇನ್ನೊಬ್ಬರು ಮಾಡಬಾರದಲ್ಲ.

ಇವತ್ತು ಬೆಳಿಗ್ಗೆ ಉಳಿವೆಪ್ಪ ಬಂದು ಭತ್ತ ಒಣಗುತ್ತಿದೆ ಎಂದ. ಸುಳ್ಳಿರಬೇಕೆಂದು ನಾನೇ ಹೋಗಿ ನೋಡಿದೆ. ಮೂರು ದಿನದ ಹಿಂದಷ್ಟೇ ನೀರು ಬಿಟ್ಟ ಗದ್ದೆ ಒಣಗಿಹೋಗಿತ್ತು. ಪಕ್ಕದ ನಮ್ಮ ಎರೆಮಣ್ಣಿನ ಗದ್ದೆಯಲ್ಲಿ ಅದೇ ದಿನ ಬಿಟ್ಟ ನೀರು ಇನ್ನೂ ನಿಂತಿತ್ತು.

"ನನ್ನ ಮಣ್ಣಾಗ ಉಸುಕ ಹೆಚ್ಚವ್ವಾ, ನೀರ ನಿಲ್ಲಂಗಿಲ್ಲ. ನಿಮ್ಮಪ್ಪ ದಿನಾ ಬಂದು ಮುಟ್ಟಿ ನೋಡತಿದ್ದ," ಎಂದ.

ಆ ಮಾತನ್ನೂ ಪೂರ್ತಿ ನಂಬದೆಯೇ ಅವನಿಗೆ ನೀರು ಬಿಡಲು ತೂಬಿಗೆ ಹೋಗಿ ಬೀಗಕ್ಕೆ ಕೀಲಿ ಹಾಕಿದೆ. ಕಾವಲಿನ ಫಕ್ಕೀರೇಶ ಅಡ್ಡ ಬಂದ.

"ಅರ್ಜಿ ಎಲ್ಲೈತ್ರಿ ಅಕ್ಕಾರ? ಅವನ ಪಾಳಿಗೆ ಇನ್ನೂ ಐದ ದಿನ ಐತಿ." ಆಮೇಲೆ ದನಿ ತಗ್ಗಿಸಿದ. "ಉಳಿವೆಪ್ಪ ನಿಮಗೇನ ಕೊಟ್ಟಾನ್ರಿ?"

ಅಂದು ನೀರು ಸಂಘದ ತುಂಬಿದ ಸಭೆಯಲ್ಲಿ ನಾನು ನಿನ್ನನ್ನು ಕೇಳಿದ್ದೂ ಇದನ್ನೇ. ನೀನು ಕೀಲಿಯನ್ನು ನನ್ನ ಮುಂದಿಟ್ಟು ಎದ್ದು ಹೋದೆ. ನೀನು ತಪ್ಪು ಒಪ್ಪಿಕೊಂಡೆ ಎಂದುಕೊಂಡೆ ನಾನು.

ನಾನೂ ಕೀಲಿಯನ್ನು ಫಕ್ಕೀರೇಶನ ಮುಂದಿಟ್ಟು ಬಂದೆ. ಅವನೂ ಹಾಗೆಯೇ ಅಂದುಕೊಂಡಿರಬೇಕು.

ಮಲ್ಲಿಕಾ