ಅತ್ತೆ ದಾಟಿಸುತ್ತಿದ್ದ ಮಾತು

ಮಾರ್ಚ್ ೩, ಸೋಮವಾರ. ಸಂಜೆ ಏಳು

ಇವತ್ತು ಹೋಟೆಲಿನ ಲೋಡು. ಶನಿವಾರ ಭಾನುವಾರದ ಹಾಸಿಗೆ ಬಟ್ಟೆಯೆಲ್ಲ ಒಟ್ಟಿಗೆ ಬಂದು ಬಿದ್ದಿತ್ತು. ಬೆಳಗ್ಗೆಯಿಂದ ಲಾಂಡ್ರಿಯ ಮೇಜಿನ ಮುಂದೆ ನಿಂತು ವಿಂಗಡಿಸಿದ್ದೇ ಕೆಲಸ. ಕೈಗೆ ಗ್ಲೌಸು, ಮೂಗಿಗೆ ಬಟ್ಟೆ. ಆದರೂ ವಾಸನೆ ಗಂಟಲಿಗೆ ಇಳಿಯುತ್ತದೆ. ಸೆಂಟು, ಬೆವರು, ಚೆಲ್ಲಿದ ಕುಡಿತ, ಇನ್ನೇನೇನೋ. ಜೋಡಿಗಳು ಬಂದು ಹೋಗುವ ಹೋಟೆಲು ಅದು. ಪ್ರೀತಿ ಪ್ರೀತಿ ಎಂದು ಲೋಕವೆಲ್ಲ ಬಡಿದುಕೊಳ್ಳುವುದು ಕೊನೆಗೆ ನಮ್ಮ ಮೇಜಿಗೆ ಹೀಗೆ ಮುದ್ದೆಯಾಗಿ ಬರುತ್ತದೆ. ಕಲೆ ಇದ್ದದ್ದು ಈ ಕಡೆ, ಇಲ್ಲದ್ದು ಆ ಕಡೆ.

ಮನೆಗೆ ಬಂದಾಗ ಇವರು ಆಗಲೇ ಬಂದಿದ್ದರು. ಲಿಫ್ಟ್ ರಿಪೇರಿಯ ಗ್ರೀಸು ಉಗುರಿನೊಳಗೆ ಹಾಗೇ ಇತ್ತು. ಅದೇ ಕೈಯಲ್ಲಿ ಬ್ರೆಡ್ಡು ಮುರಿದು ತಿನ್ನುತ್ತಿದ್ದರು. ನಾನು ಚಪ್ಪಲಿ ಬಿಡುವ ಹೊತ್ತಿಗೆ ಅಡುಗೆಮನೆ ಬಾಗಿಲ ಕಡೆ ತಿರುಗಿ, “ಅಮ್ಮಾ, ಊಟಕ್ಕೆ ಎಷ್ಟೊತ್ತಾಗುತ್ತಂತೆ?” ಅಂದರು.

ಬಾಗಿಲ ಪಕ್ಕದಲ್ಲಿ ಅತ್ತೆಯ ಕುರ್ಚಿ. ಖಾಲಿ. ಅತ್ತೆ ತೀರಿಹೋಗಿ ತಿಂಗಳಾಗುತ್ತ ಬಂತು.

ಬ್ರೆಡ್ಡು ಬಾಯಲ್ಲೇ ನಿಂತಿತು. ಇಬ್ಬರೂ ಕುರ್ಚಿ ನೋಡಿದೆವು. ಆಮೇಲೆ ಇವರು ಟಿವಿ ಜೋರು ಮಾಡಿದರು. ನಾನು ಒಳಗೆ ಹೋಗಿ ಒಲೆ ಹಚ್ಚಿದೆ. ಅಳು ಬರಬೇಕಿತ್ತು. ಬಂದದ್ದು ವಾಕರಿಕೆ.

ಮಾರ್ಚ್ ೬, ಗುರುವಾರ. ಬೆಳಗ್ಗೆ, ಕೆಲಸಕ್ಕೆ ಹೊರಡುವ ಮೊದಲು

ಮದುವೆಯ ಹೊಸದರಲ್ಲಿ ಇವರಿಗೆ ನಾಚಿಕೆ. ನನಗೆ ಅದಕ್ಕಿಂತ ಹೆಚ್ಚು. ಅತ್ತೆ ನಡುವೆ ಕೂತು ಆ ಕಡೆಯದನ್ನು ಈ ಕಡೆ, ಈ ಕಡೆಯದನ್ನು ಆ ಕಡೆ ದಾಟಿಸುತ್ತಿದ್ದರು. “ಅವನಿಗೆ ನೀಲಿ ಶರ್ಟು ಬೇಕಂತೆ ಕಣೇ.” “ಅವಳಿಗೆ ತಲೆನೋವಂತೆ ಕಣೋ, ಆ ಟಿವಿ ಸಣ್ಣಗೆ ಮಾಡು.” ಬರಬರುತ್ತ ನಾಚಿಕೆ ಹೋಯಿತು, ಅಭ್ಯಾಸ ಉಳಿಯಿತು. ಒಂದೇ ಮಂಚದಲ್ಲಿ ಮಲಗುತ್ತಿದ್ದೆವು. ಗ್ಯಾಸು ಮುಗಿದಿದೆ ಎನ್ನುವುದನ್ನು ಮಾತ್ರ ಬೆಳಗ್ಗೆ ಎದ್ದು ಅತ್ತೆಗೆ ಹೇಳುತ್ತಿದ್ದೆ.

ಜಗಳ ಅಂತ ಒಂದು ದಿನ ಆಗಲಿಲ್ಲ. ಮೇಲಿನ ಮನೆಯಾಕೆ, “ನಿಮ್ಮನ್ನ ನೋಡಿ ಕಲೀಬೇಕಪ್ಪ, ಒಂದಿನಾನೂ ಗಟ್ಟಿ ದನಿ ಕೇಳಿಲ್ಲ” ಅನ್ನುತ್ತಾಳೆ. ದನಿಯೇ ಇರಲಿಲ್ಲ, ಗಟ್ಟಿ ಎಲ್ಲಿಂದ ಬರಬೇಕು.

ಈಗ ಇವರು ಗೋಡೆಗೆ ಹೇಳುತ್ತಾರೆ. “ಯಾರಾದ್ರೂ ಟೀ ಕೊಟ್ರೆ ಕುಡೀಬಹುದಿತ್ತು.”

ಯಾರಾದರೂ! ಮನೆಯಲ್ಲಿ ಇರುವವಳು ನಾನೊಬ್ಬಳು. ಲೋಟ ತಂದು ಕುಕ್ಕಿದೆ. ಸೊರ್ರ್ ಎಂದು ಎಳೆದುಕೊಂಡು ಕುಡಿದರು. ಕುಡಿದು ನಾಲಿಗೆಯಿಂದ ಹಲ್ಲಿನ ಸಂದಿ ತಡಕಿದರು. ಇಷ್ಟು ವರ್ಷ ಈ ಸದ್ದು ಎಲ್ಲಿತ್ತು? ಅತ್ತೆಯ ಮಾತಿನ ಕೆಳಗೆ ಮುಚ್ಚಿಹೋಗಿತ್ತೇನೋ. ಈಗ ಮನೆಯಲ್ಲಿ ಕೇಳಿಸುವುದು ಅದೊಂದೇ.

ಮಾರ್ಚ್ ೧೧, ಮಂಗಳವಾರ. ಸಂಜೆ

ಮಧ್ಯಾಹ್ನ ಯಂತ್ರ ನಿಲ್ಲಿಸಿ ನಮ್ಮನ್ನೆಲ್ಲ ಕೂರಿಸಿದರು. ಸಿಬ್ಬಂದಿಯ ಸಂಸಾರ ಸುಖವಾಗಿರಬೇಕಂತೆ. ಅದಕ್ಕೊಬ್ಬ ಸಲಹೆಗಾರ್ತಿ ಬಂದಿದ್ದಳು. ಬೋರ್ಡಿನ ಮೇಲೆ ಬರೆದಳು — ಲವ್, ಕಮ್ಯುನಿಕೇಶನ್, ಕಾಂಪ್ರಮೈಸ್. ಬರೆದು ಕೆಳಗೆ ಗೆರೆ ಎಳೆದಳು.

“ದಿನಕ್ಕೆ ಹತ್ತು ನಿಮಿಷ ಗಂಡನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ.”

“ನಮ್ಮನೆಯವರ ಕಣ್ಣಲ್ಲಿ ಮೊಬೈಲ್ ಬಿಟ್ರೆ ಬೇರೇನೂ ಕಾಣಲ್ಲ ಮೇಡಂ,” ಅಂದಳು ರೇಡಿಯೋ. ಎಲ್ಲರೂ ನಕ್ಕರು. ರೇಡಿಯೋ ಅಂದರೆ ನನ್ನ ಜೊತೆ ಬೆಡ್‌ಶೀಟು ಮಡಚುವವಳು. ಒಂದು ತುದಿ ಅವಳು, ಇನ್ನೊಂದು ತುದಿ ನಾನು. ಬೆಳಗ್ಗೆ ಆನ್ ಆದರೆ ಸಂಜೆಯವರೆಗೆ ಆಫ್ ಇಲ್ಲ. ನನ್ನನ್ನು ಕರೆಯುವುದು ಮೂಕಿ ಅಂತ.

ಸಲಹೆಗಾರ್ತಿಯೂ ನಕ್ಕಳು. ಹಲ್ಲಿಗೆ ಲಿಪ್‌ಸ್ಟಿಕ್ ಹತ್ತಿತ್ತು. “ಪ್ರೀತಿ ಅಂದ್ರೆ ಹೊಂದಾಣಿಕೆ” ಅಂದಳು. ಹೊಂದಾಣಿಕೆ ಎಂಬ ಮಾತು ಕೇಳಿದರೆ ಬೇರೆಯವರ ಹಲ್ಲುಜ್ಜುವ ಬ್ರಷ್ಷು ಬಾಯಿಗಿಟ್ಟ ಹಾಗಾಗುತ್ತದೆ.

“ಏನೇ ಮೂಕಿ, ನೀನೇನೂ ಕೇಳಲ್ವಾ?”

“ನನಗೇನಿದೆ ಕೇಳಕ್ಕೆ.”

“ಹೌದು ಬಿಡು, ನಿಮ್ದು ಮಾಡೆಲ್ ಜೋಡಿ.”

ಆಮೇಲೆ ಮ್ಯಾನೇಜರ್ ಒಳಗೆ ಕರೆದರು. ಬೇರೆ ಊರಲ್ಲಿ ಹೊಸ ಯೂನಿಟ್, ಸೂಪರ್‌ವೈಸರ್ ಬೇಕು. ಬಸ್ಸಿನಲ್ಲಿ ಅರ್ಧ ದಿನದ ದಾರಿ. ಇರಲು ರೂಮು ಅವರೇ ಕೊಡುತ್ತಾರೆ. “ಹೋದ ಸಲ ಬೇಡ ಅಂದ್ರಿ. ಈ ಸಲಾನೂ ಬೇಡ ಅಂದ್ರೆ ಮತ್ತೆ ಕೇಳಲ್ಲಮ್ಮ.” ತಿಂಗಳ ಕೊನೆಯೊಳಗೆ ಹೇಳಬೇಕು.

ಹೋದ ಸಲ ಹೋಗುವ ಆಸೆ ಬೇಕಾದಷ್ಟಿತ್ತು. ಇವರನ್ನು ಕೇಳಿಬನ್ನಿ ಎಂದು ಅತ್ತೆಯನ್ನು ಕಳಿಸಿದ್ದೆ. ಅತ್ತೆ ಬಂದು, ನನ್ನ ಕೈ ಹಿಡಿದುಕೊಂಡು ಹೇಳಿದ್ದು ಹೀಗೆ: “ಅವಳಿಲ್ಲದ ಮನೆ ಮನೆಯಲ್ಲ ಅಂತಾನೆ ಕಣೇ. ನಿನ್ನೆದುರಿಗೆ ಹೇಳಕ್ಕೆ ಬಾಯಿ ಬರಲ್ಲ ಅವನಿಗೆ.”

ಮರುದಿನವೇ ಬೇಡ ಅಂದುಬಿಟ್ಟೆ. ಆಮೇಲಿನ ದಿನಗಳನ್ನೆಲ್ಲ ಆ ಒಂದು ಮಾತಿನ ಮೇಲೆ ತಳ್ಳಿದ್ದೇನೆ. ತಟ್ಟೆಯಲ್ಲಿ ಉಗುರು ಕತ್ತರಿಸಿ ಬಿಟ್ಟಾಗ, ಒದ್ದೆ ಟವೆಲ್ಲು ನನ್ನ ದಿಂಬಿನ ಮೇಲೆ ಎಸೆದಾಗ — ಇರಲಿ, ಅಂಥ ಮಾತಾಡಿದ ಮನುಷ್ಯ ಇವರು, ಅಂದುಕೊಂಡಿದ್ದೇನೆ.

ಈ ಸಲ ಅದನ್ನು ಇವರ ಬಾಯಿಂದಲೇ ಕೇಳಬೇಕು. ಒಂದು ಸಲ ಅಂದರೆ ಸಾಕು. ಹೋಗುವುದಿಲ್ಲ.

ಮಾರ್ಚ್ ೧೫, ಶನಿವಾರ

ಕೇಳಲಾಗಲಿಲ್ಲ. ಎದುರಿಗೆ ಹೋಗಿ ನಿಂತೆ. ವಾಪಸು ಬಂದು ಪಾತ್ರೆ ತೊಳೆದೆ.

ಸ್ವಲ್ಪ ಹೊತ್ತಿಗೆ ಮೊಬೈಲು ಟಿಂಗ್ ಅಂದಿತು. ಪಕ್ಕದ ಕೋಣೆಯಿಂದ ಇವರ ಮೆಸೇಜು. “ಊಟ?” ಅದರ ಮುಂದೆ ಒಂದು ನಗುವ ಮುಖ ಬೇರೆ. ಅಲ್ಲಿಂದ ಇಲ್ಲಿಗೆ ಒಂದು ಗೋಡೆ!

“ಇದೆ” ಎಂದು ಒತ್ತಿದೆ. ನನ್ನ ಬೆರಳ ಮೇಲೂ ಹೇಸಿಗೆಯಾಯಿತು.

ಮಾರ್ಚ್ ೧೬, ಭಾನುವಾರ. ಮಧ್ಯಾಹ್ನ ನಾಲ್ಕು

ಕೇಳಿದೆ. ಈಗ ಇವರು ಹೊರಗೆ ಹೋಗಿದ್ದಾರೆ. ಮರೆಯುವ ಮೊದಲು ಬರೆಯುತ್ತೇನೆ — ಮರೆಯುತ್ತೇನೆ ಅಂತಲ್ಲ.

ಊಟ ಮುಗಿಸಿ ಕೂತಿದ್ದರು. “ರೀ” ಅಂದೆ. ಕತ್ತೆತ್ತಲಿಲ್ಲ. “ರೀ, ನಿಮ್ಮನ್ನೇ.”

ಬೆಚ್ಚಿದರು. “ನನ್ನಾ?”

“ಇನ್ಯಾರಿದ್ದಾರೆ ಇಲ್ಲಿ? ಹೊಸ ಯೂನಿಟ್‌ಗೆ ಮತ್ತೆ ಕರೆದಿದ್ದಾರೆ. ಹೋಗ್ಲಾ ಬೇಡ್ವಾ?”

“ನಿನ್ನಿಷ್ಟ.”

“ಹೋದ ಸಲ ಬೇಡ ಅಂದಿದ್ರಲ್ಲ.”

“ನಾನಾ? ನಾನ್ಯಾಕೆ ಬೇಡ ಅನ್ಲಿ? ಹೋಗೋದಾದ್ರೆ ಹೋಗ್ಲಿ, ಒಳ್ಳೇದೇ ಅಲ್ವಾ ಅಂತ ಅಮ್ಮನ ಹತ್ರ ಹೇಳಿದ್ದೆ. ನೀನೇ ಒಲ್ಲೆ ಅಂದ್ಯಂತೆ.”

“ಯಾರು ಹೇಳಿದ್ದು?”

“ಅಮ್ಮನೇ. ನನ್ನ ಬಿಟ್ಟು ಒಂದಿನಾನೂ ಇರಲ್ಲ ಅಂದ್ಯಂತೆ. ಕಂಪನಿಯವರು ಬೇರೆ ಊರಿನ ದೊಡ್ಡ ಸೈಟಿನ ಕೆಲಸಕ್ಕೆ ನನ್ನ ಕರೆದಾಗ್ಲೂ ಅಷ್ಟೆ, ನೀನು ಊಟ ಬಿಟ್ಟು ಅಳ್ತಿದೀಯ ಅಂದ್ಲು. ಅದಕ್ಕೇ ಹೋಗ್ಲಿಲ್ಲ ನಾನು.”

ದೊಡ್ಡ ಸೈಟಿಗೆ ಕರೆದಿದ್ದರು ಎಂಬುದೇ ನನಗೆ ಗೊತ್ತಿಲ್ಲ. ನನ್ನ ಮುಖ ನೋಡಿ ಇವರಿಗೂ ಏನೋ ಹೊಳೆದಿರಬೇಕು. ದನಿ ಸಣ್ಣದಾಯಿತು.

“ನನ್ನ ಕೈ ಲಿಫ್ಟಿಗೆ ಸಿಕ್ಕಿ ಮನೇಲಿ ಕೂತಿದ್ನಲ್ಲ... ಆಗ ನೀನು ಹೇಳಿದ್ದು?”

“ಏನಂತ?”

ನೆಲ ನೋಡಿಕೊಂಡು, ಪಾಠ ಒಪ್ಪಿಸುವವರ ಹಾಗೆ ಹೇಳಿದರು. “ಜನ್ಮ ಪೂರ್ತಿ ಕೂತ್ರೂ ಪರವಾಗಿಲ್ಲ, ನಾನು ದುಡಿದು ಹಾಕ್ತೀನಿ ಅಂತ.”

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅತ್ತೆ ಇದ್ದಿದ್ದರೆ ನನ್ನ ಪರವಾಗಿ ಹೂಂ ಅನ್ನುತ್ತಿದ್ದರು.

“ಇಲ್ಲ,” ಅಂದೆ. “ಬ್ಯಾಂಡೇಜು ಯಾವಾಗ ಬಿಚ್ತಾರಂತೆ ಅಂತ ಕೇಳಿದ್ದೆ.”

“ಅಷ್ಟೇನಾ?”

“ಅಷ್ಟೇ.”

ಎದ್ದು ಬಚ್ಚಲಿಗೆ ಹೋದರು. ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಇದ್ದರು. ಕಣ್ಣು ಕೆಂಪಗೆ ಮಾಡಿಕೊಂಡು ಬಂದು, ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಎಲ್ಲಿಗೆ ಅಂತ ಹೇಳಲಿಲ್ಲ. ಹೇಳಿ ಕಳಿಸಲು ಯಾರೂ ಇರಲಿಲ್ಲ.

ಮಾರ್ಚ್ ೨೪, ಸೋಮವಾರ. ಸಂಜೆ ಆರು

ಇಷ್ಟು ದಿನ ಬರೆಯಲಿಲ್ಲ. ಪೆನ್ನು ತೆಗೆದು ತೆಗೆದು ಒಳಗಿಟ್ಟೆ.

ನಾನು ಆಡದ ಮಾತಿಗೆ ಇವರು ಸೈಟಿನ ಕೆಲಸ ಬಿಟ್ಟರು. ಇವರು ಆಡದ ಮಾತಿಗೆ ನಾನು ಸೂಪರ್‌ವೈಸರ್ ಕೆಲಸ ಬಿಟ್ಟೆ. ಇಬ್ಬರೂ ತ್ಯಾಗ ಮಾಡಿದ್ದೇವೆ ಅಂದುಕೊಂಡು ಒಳಗೊಳಗೇ ಬೀಗುತ್ತ, ಎದುರು ಬದುರು ಕೂತು ಉಂಡಿದ್ದೇವೆ. ಥೂ. ಇವರ ಎಂಜಲು ಲೋಟ ಎಷ್ಟು ಸಲ ತೊಳೆದಿದ್ದೇನೆ. ತೊಳೆದದ್ದು ಯಾರದ್ದು? ನಾನು ಮೆಚ್ಚಿದ ಗಂಡ ಈ ಮನೆಯಲ್ಲಿ ಯಾವತ್ತೂ ಇರಲಿಲ್ಲ. ಇವರ ಮನಸ್ಸಿನಲ್ಲಿದ್ದ ಹೆಂಡತಿಯೂ ಇರಲಿಲ್ಲ. ಆ ಇಬ್ಬರೂ ಬಹಳ ಒಳ್ಳೆಯವರು. ಅವರಿಗೇ ಮದುವೆ ಮಾಡಿಸಬೇಕಿತ್ತು.

ಅತ್ತೆಯ ಮೇಲೂ ಸಿಟ್ಟು. ಕುರ್ಚಿಯನ್ನು ಎತ್ತಿ ಮೆಟ್ಟಿಲ ಕೆಳಗೆ ಇಟ್ಟು ಬಂದೆ. ಇವರು ನೋಡಿದರು. ಕುರ್ಚಿ ಇದ್ದ ಜಾಗದಲ್ಲಿ ನೆಲ ಸ್ವಲ್ಪ ಬಿಳುಪಾಗಿದೆ. ಅಡುಗೆಮನೆಗೆ ಹೋಗುವಾಗ ಇಬ್ಬರೂ ಅದನ್ನು ಬಳಸಿಕೊಂಡೇ ಹೋಗುತ್ತೇವೆ.

ಗೋಡೆಗೆ ಮಾತಾಡುವುದನ್ನೂ ಬಿಟ್ಟಿದ್ದಾರೆ. ಸೊರ್ರ್ ಎನ್ನುವುದೂ ನಿಂತಿದೆ. ಲೋಟ ತುಟಿಗಿಟ್ಟು ಕಳ್ಳನ ಹಾಗೆ ಕುಡಿಯುತ್ತಾರೆ. ಅದು ಇನ್ನೂ ಅಸಹ್ಯ.

ಮಾರ್ಚ್ ೨೭, ಗುರುವಾರ. ಸಂಜೆ

ಆಸ್ಪತ್ರೆಯ ಲೋಡು. ಮಡಚುತ್ತಿರುವಾಗ ರೇಡಿಯೋ ಕೇಳಿದಳು, “ಸೂಪರ್‌ವೈಸರ್ ಕೆಲಸಕ್ಕೆ ಹೋಗ್ತೀಯಂತೆ?”

“ಗೊತ್ತಿಲ್ಲ.”

“ಈ ಸಲ ಹೋಗೇ. ಹೋದ ಸಲವಾದ್ರೆ ಪಾಪ ನಿಮ್ಮತ್ತೆ ಇದ್ರು.”

“ಅತ್ತೆಗೇನಾಗಿತ್ತು?”

“ನಿನಗೆ ಹೇಳೇ ಇಲ್ಲ ಅಲ್ವಾ ನಾನು! ಆವತ್ತು ಗೇಟಿನ ಹತ್ರ ಬಂದಿದ್ರು. ನೀನು ಒಳಗಿದ್ದೆ. ‘ಹೋಗ್ಬಿಡ್ತಾಳೇನಮ್ಮ ಅವಳು? ಅವಳಿಲ್ಲದ ಮನೆ ಮನೆಯಲ್ಲ ಕಣಮ್ಮ ನನಗೆ’ ಅಂದ್ರು. ಕಣ್ಣಲ್ಲಿ ನೀರು. ನಮ್ಮತ್ತೆ ನಾನು ಹೋಗ್ತೀನಿ ಅಂದ್ರೆ ಬಸ್ಸಿಗೆ ತಾವೇ ಕೈ ಅಡ್ಡ ಹಾಕಿ ನಿಲ್ಲಿಸಿ ಹತ್ತಿಸ್ತಾರೆ.”

ನನ್ನ ಕೈಯಿಂದ ತುದಿ ಜಾರಿತು. ಒಗೆದ ಬೆಡ್‌ಶೀಟು ನೆಲಕ್ಕೆ ಬಿತ್ತು.

“ಏನೇ ಇದು, ಮತ್ತೆ ಒಗೀಬೇಕಾ?” ಅಂದವಳು ಮುಖ ನೋಡಿ ಸುಮ್ಮನಾದಳು. ಅವಳು ಆಫ್ ಆದದ್ದನ್ನು ಮೊದಲ ಸಲ ಕಂಡೆ.

ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅತ್ತೆ ಹೋದ ದಿನ ಬಾರದ ಅಳು ಅಲ್ಲಿ ಬಂತು, ಬೆವರಿನ ಏಪ್ರನ್ನುಗಳ ಮಧ್ಯೆ. ಆ ಮಾತನ್ನು ಯಾರೋ ನಿಜವಾಗಿ ಆಡಿದ್ದರು. ತಮ್ಮದು ಎಂದು ಹೇಳಿದ್ದರೆ ನಾನು ನಿಲ್ಲುತ್ತಿರಲಿಲ್ಲ ಎಂದು ಹೆದರಿದರೇನೋ. ಅತ್ತೆಗೋಸ್ಕರ ಯಾರು ಉಳಿಯುತ್ತಾರೆ. ನಾನು ಉಳಿಯುತ್ತಿದ್ದೆ. ಕೇಳಬಹುದಿತ್ತು. ಅವರೂ ನೇರವಾಗಿ ಕೇಳಲಿಲ್ಲ. ಈ ಮನೆಯಲ್ಲಿ ಯಾರಿಗೂ ಬಾಯಿರಲಿಲ್ಲ, ಅವರಿಗೂ ಸೇರಿ.

ಮುಖ ತೊಳೆದುಕೊಂಡು ಮ್ಯಾನೇಜರ್ ಹತ್ತಿರ ಹೋಗಿ, ಬರುತ್ತೇನೆ ಅಂದೆ.

ಮಾರ್ಚ್ ೩೦, ಭಾನುವಾರ. ಸಂಜೆ ಐದು

ಬ್ಯಾಗು ತುಂಬಿದೆ. ಹೋಗುತ್ತೇನೆ ಎಂದು ಗುರುವಾರವೇ ಇವರಿಗೆ ಹೇಳಿದ್ದೆ. ಮುಖ ನೋಡಿಯೇ ಹೇಳಿದೆ. “ಹೂಂ” ಅಂದಿದ್ದರು. ಇವತ್ತು ಮಧ್ಯಾಹ್ನ ಅಡುಗೆಮನೆ ಬಾಗಿಲಿಗೆ ಬಂದು, ನೆಲದ ಆ ಬಿಳಿ ಜಾಗದ ಮೇಲೆ ನಿಂತರು.

“ನಾಳೆ ಎಷ್ಟೊತ್ತಿಗೆ?”

“ಏಳೂಕಾಲು.”

“ನಾನೂ ಬರ್ಲಾ?”

“ಬಿಟ್ಟು ಬರಕ್ಕಾ, ಅಲ್ಲೇ ಇರಕ್ಕಾ?”

ಯೋಚಿಸಿದರು. ಉಗುರಿನ ಗ್ರೀಸು ಕೆರೆದುಕೊಂಡು, ಕೆರೆದದ್ದನ್ನು ಬಾಗಿಲಿಗೆ ಒರೆಸಿ ಯೋಚಿಸಿದರು. ನನಗೆ ಅಸಹ್ಯವಾಯಿತು. ಆದರೂ ಕಾದೆ.

“ಗೊತ್ತಿಲ್ಲ,” ಅಂದರು.

ಇದು ಇವರದೇ ಮಾತು. ಯಾರೂ ಸಕ್ಕರೆ ಬೆರೆಸದ್ದು. ಕೇಳಲು ಹಿತವಾಗಿರಲಿಲ್ಲ. ಈ ತಿಂಗಳು ಇವರ ಬಾಯಿಂದ ಬಂದದ್ದರಲ್ಲಿ ನನಗೆ ಹೇಸಿಗೆ ಅನ್ನಿಸದ ಮಾತು ಇದೊಂದೇ.

“ನೀವು ಬಂದ್ರೆ ನನಗೆ ಬೇಕೋ ಬೇಡ್ವೋ, ನನಗೂ ಗೊತ್ತಿಲ್ಲ,” ಅಂದೆ.

ತಲೆಯಾಡಿಸಿದರು. ಹೋಗಲಿಲ್ಲ. “ಟೀ ಮಾಡ್ತೀನಿ, ಕುಡೀತೀಯಾ?” ಅಂದರು. ಪಾತ್ರೆ ಎಲ್ಲಿದೆ ಎಂದು ಹುಡುಕಿದರು. ಡಬ್ಬಿ ತೆರೆದು, ಚಮಚ ಹಿಡಿದುಕೊಂಡು ತಿರುಗಿದರು. “ನಿನಗೆ ಸಕ್ಕರೆ ಎಷ್ಟು?”

ಇಷ್ಟು ವರ್ಷ ಒಂದೇ ಮನೆಯಲ್ಲಿ. ಹೇಳಿದೆ. “ಒಂದು.”

ಕುದ್ದು ಕುದ್ದು ಕಹಿಯಾಗಿತ್ತು. ಒಂದು ಗುಟುಕು ಕುಡಿದೆ.

“ಹೇಗಿದೆ?”

“ಚೆನ್ನಾಗಿಲ್ಲ.”

“ಹೌದಾ,” ಎಂದು ತಾವೂ ಕುಡಿದು ನೋಡಿ ಮುಖ ಕಿವಿಚಿದರು. ಇಬ್ಬರ ಲೋಟವನ್ನೂ ಸಿಂಕಿಗೆ ಸುರಿದರು. ನಗು ಬರುವುದರಲ್ಲಿತ್ತು, ಇಬ್ಬರಿಗೂ. ಬರಲಿಲ್ಲ.

ಈಗ ಅಂಗಡಿಗೆ ಹೋಗಿದ್ದಾರೆ. ಹೋಗುವಾಗ ಹೇಳಿ ಹೋದರು.

ನಾಳೆ ಬಸ್ಸು ಏಳೂಕಾಲಿಗೆ. ಟಿಕೆಟ್ಟು ಒಂದೇ.