ಕಳಸಾಪುರದ ದಾರಿಯಲ್ಲಿ ಸಿಕ್ಕ ಹೆಸರು

ಚಕ್ಕಡಿ ಬಂದರೆ ತಿರುಗಿ ಕಳಿಸಿರಿ. ಇಂದೂ ಕಳಸಾಪುರಕ್ಕೆ ನಡೆದೇ ಹೊರಟಿದ್ದೇನೆ. ಜ್ವರದಿಂದ ಸೋತ ಕಾಲಿಗೆ ನಡಿಗೆಯೇ ಮದ್ದೆಂದು ಡಾಕ್ಟರು ನಿಮ್ಮೆದುರೇ ಹೇಳಿದ್ದಾರೆ.

ಮೊದಲ ದಿನ ಮತದಾರರ ಪಟ್ಟಿ ಬರೆಯಲು ಚಕ್ಕಡಿಯಲ್ಲಿ ಹೋದಾಗ ಒಬ್ಬ ಹೆಂಗಸೂ ತನ್ನ ಹೆಸರು ಹೇಳಲಿಲ್ಲ. “ಇಂಥವರ ಹೇಣ್ತಿ ಅಂತ ಬರಕೋರಿ” ಎಂದು ಒಳಗೆ ಹೋದರು. ನಿನ್ನೆ ನಡೆದು ಬರುವಾಗ ಹೊಲಕ್ಕೆ ಹೊರಟ ಮುದುಕಿಯೊಬ್ಬಳು ಜೊತೆಯಾದಳು. ಬಹಳ ದೂರ ಮಾತಾಡುತ್ತ ಬಂದವಳು, “ಬರಕೋರಿ ಅಕ್ಕಾರ, ನಾ ಗದಿಗೆವ್ವ. ಈ ಹೆಸರ್ಲೆ ಯಾರರ ಕರದು ನಲವತ್ತ ವರ್ಷ ಆತು” ಎಂದಳು. ಇಂದು ಓಣಿಯ ಹೆಂಗಸರನ್ನೆಲ್ಲ ಕೂಡಿಸುತ್ತಾಳಂತೆ.

ಅತ್ತೆಯವರಿಗೆ ಔಷಧ ಮರೆಯದೆ ಕೊಡಿರಿ. ಪಟ್ಟಿಗೆ ಅವರ ಹೆಸರನ್ನು ಮಾತ್ರ ನೀವು ಬರೆದುಕೊಡಬೇಡಿರಿ. ಸಂಜೆ ನನ್ನ ಜೊತೆ ಕೆರೆಯವರೆಗೆ ನಡೆಯುವೆನೆಂದಿದ್ದಾರೆ, ತಾವೇ ಹೇಳಲಿ.

ತಾರಾ